ಬದುವಿನ ಹೊಂಗೆಯಿಂದ ಪಂಪ್‌ಸೆಟ್ಟಿನ ಟ್ಯಾಂಕಿಗೆ

ಅರಸೀಕೆರೆ ತಾಲ್ಲೂಕಿನ ನಮ್ಮ ಹೊಲದ ಬದುಗಳ ಮೇಲೆ ಹೊಂಗೆ ಸಸಿ ನೆಟ್ಟವರು ನನ್ನ ಅಜ್ಜ. ಅವರ ಕಾಲದಲ್ಲಿ ಸೊಪ್ಪು ಕೆರೆ ಕೆಳಗಿನ ಗದ್ದೆಗೆ ಹೋಗುತ್ತಿತ್ತು, ಎಣ್ಣೆ ದೀಪಕ್ಕೂ ದನಗಳ ಹುಣ್ಣಿಗೂ ಬಳಕೆಯಾಗುತ್ತಿತ್ತು, ಹಿಂಡಿ ತೆಂಗಿನ ಬುಡ ಸೇರುತ್ತಿತ್ತು. ಕರೆಂಟು ಬಂದ ಮೇಲೆ ದೀಪ ಹೋಯಿತು, ಚೀಲದ ಗೊಬ್ಬರ ಬಂದ ಮೇಲೆ ಸೊಪ್ಪು ತುಳಿಯುವ ರೂಢಿ ತಪ್ಪಿತು. ಉಳಿದ ಕಾಯಿಯನ್ನು ಬೇಸಿಗೆಯಲ್ಲಿ ಯಾರಾದರೂ ಅಜ್ಜಿಯರು ಆಯ್ದು ವ್ಯಾಪಾರಿಗೆ ಹಾಕಿದರೆ ಹಾಕಿದರು, ಇಲ್ಲವಾದರೆ ಮುಂಗಾರಿನ ಮೊದಲ ಮಳೆಗೆ ಅಲ್ಲೇ ಮೊಳೆತು ಕೊಳೆಯುತ್ತಿತ್ತು. ಇತ್ತ ನಾನು ಕೃಷಿ ಹೊಂಡದ ನೀರನ್ನು ರಾಗಿಗೂ ಎಳೆ ತೆಂಗಿಗೂ ಎತ್ತಲು ಐದು ಅಶ್ವಶಕ್ತಿಯ ಡೀಸೆಲ್ ಎಂಜಿನ್ ಇಟ್ಟುಕೊಂಡು, ಬಂಕಿನಿಂದ ಕ್ಯಾನಿನಲ್ಲಿ ಡೀಸೆಲ್ ಹೊತ್ತು ತರುತ್ತಿದ್ದೆ. ಇಂಧನವಾಗಬಲ್ಲ ಬೀಜ ಹೊಲದ ಅಂಚಿನಲ್ಲೇ ಕೊಳೆಯುತ್ತಿರುವಾಗ ಎಂಜಿನ್ನಿಗೆ ಪೇಟೆಯಿಂದ ಎಣ್ಣೆ ತರುವುದರ ಅಸಂಗತತೆ ಎಷ್ಟು ನಿಜ, ಎಷ್ಟು ಬರಿಯ ಭಾವನೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕೆಂದು, ಕಾಯಿ ಆಯುವುದರಿಂದ ಎಂಜಿನ್ ಓಡಿಸುವವರೆಗಿನ ಕೆಲಸವನ್ನು ನಾನೇ ಮುಂದೆ ನಿಂತು ಮಾಡಿಸಿದೆ.

ಇದರಲ್ಲಿ ನಾನು ಹೊಸದೇನನ್ನೂ ಕಂಡುಹಿಡಿಯಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಹಳ್ಳಿಗಳಲ್ಲಿ ಡೀಸೆಲ್ ಜನರೇಟರ್ ಓಡಿಸಿ ತೋರಿಸಿ ಎರಡು ದಶಕಗಳೇ ಕಳೆದಿವೆ. 2009ರಲ್ಲಿ ಕರ್ನಾಟಕ ತನ್ನದೇ ಆದ ಜೈವಿಕ ಇಂಧನ ನೀತಿಯನ್ನು ರೂಪಿಸಿಕೊಂಡಿತು. ನಂತರ ರಾಜ್ಯ ಜೈವಿಕ ಇಂಧನ ಅಭಿವೃದ್ಧಿ ಮಂಡಳಿ ಬಂತು, ‘ಬರಡು ಬಂಗಾರ’, ‘ಹಸಿರು ಹೊನ್ನು’ ಎಂಬ ಹೆಸರಿನ ಕಾರ್ಯಕ್ರಮಗಳಲ್ಲಿ ಹೊಂಗೆ, ಬೇವು, ಹಿಪ್ಪೆ, ಸಿಮರೂಬ ಸಸಿಗಳನ್ನು ಪಾಳು ನೆಲದಲ್ಲಿಯೂ ಬದುಗಳಲ್ಲಿಯೂ ನೆಡಿಸಲಾಯಿತು. ನಮ್ಮ ಜಿಲ್ಲೆಯ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಜೈವಿಕ ಇಂಧನ ಉದ್ಯಾನವೇ ಇದೆ. ಬೀಜದಿಂದ ಬಯೋಡೀಸೆಲ್‌ವರೆಗಿನ ಸರಣಿಯನ್ನು ನಾನು ಮೊದಲು ಕಣ್ಣಾರೆ ಕಂಡದ್ದು ಅಲ್ಲಿಯೇ.

ಹೊಂಗೆಯ ಕಾಯಿ ಬಲಿಯುವುದಕ್ಕೆ ಹೂ ಬಿಟ್ಟಂದಿನಿಂದ ಹತ್ತು ಹನ್ನೊಂದು ತಿಂಗಳು ಬೇಕು. ಫೆಬ್ರವರಿಯಿಂದ ಮೇವರೆಗೆ ಕೊಯ್ಲು. ಈ ಹೊತ್ತಿಗೆ ಹೊಲದಲ್ಲಿ ಬೇರೆ ಕೆಲಸವಿರುವುದಿಲ್ಲ ಎಂಬುದು ಒಂದು ಅನುಕೂಲ. ಕಾಯಿ ಚಪ್ಪಟೆಯಾಗಿ, ತುದಿಯಲ್ಲಿ ಚಿಕ್ಕ ಕೊಕ್ಕಿನೊಂದಿಗೆ, ಹೊರಗಿನಿಂದ ಮರದ ಚಕ್ಕೆಯಷ್ಟು ಗಟ್ಟಿಯಾಗಿರುತ್ತದೆ. ಒಳಗೆ ಸಾಮಾನ್ಯವಾಗಿ ಒಂದೇ ಬೀಜ. ಒಂದು ಬೀಜಕ್ಕಾಗಿ ಒಂದು ಕಾಯಿಯನ್ನು ಒಡೆಯಬೇಕು ಎಂಬ ಈ ಸರಳ ಸಂಗತಿಯೇ ಹೊಂಗೆಯ ಆರ್ಥಿಕತೆಯ ಅರ್ಧ ಭಾಗವನ್ನು ನಿರ್ಧರಿಸುತ್ತದೆ ಎಂಬುದು ಕಣದಲ್ಲಿ ಕುಳಿತಾಗಲೇ ತಿಳಿಯುವುದು. ಕಾಯಿಯನ್ನು ಬಿಸಿಲಿಗೆ ಹಾಕಿ, ಗೋಣಿಯ ಮೇಲೆ ಹರಡಿ, ಕೊಡತಿಯಿಂದ ಬಡಿದು, ಮೊರದಲ್ಲಿ ಕೇರಿದರೆ ತೂಕದ ಸುಮಾರು ಅರ್ಧ ಸಿಪ್ಪೆಯಾಗಿ ಹೋಗುತ್ತದೆ. ಕೊಡತಿಯ ಪೆಟ್ಟು ಜೋರಾದರೆ ಬೀಜ ಒಡೆದು ಎಣ್ಣೆ ಬೇಗ ಕೆಡುತ್ತದೆ, ಮೆತ್ತಗಾದರೆ ಕಾಯಿ ಬಿಚ್ಚಿಕೊಳ್ಳುವುದಿಲ್ಲ. ಸಿಪ್ಪೆ ಬಿಡಿಸುವ ಯಂತ್ರಗಳಿವೆ, ಆದರೆ ಒಂದು ಮನೆಯ ಬದುವಿನ ಬೀಜಕ್ಕೆ ಅದನ್ನು ಕೊಳ್ಳುವುದು ದುಬಾರಿ.

ಆಯುವ ಕೆಲಸಕ್ಕೆ ಬಂದವರು ಊರಿನ ವಯಸ್ಸಾದ ಹೆಂಗಸರು. ಒಬ್ಬರು ದಿನವಿಡೀ ಆಯ್ದು, ಬಡಿದು, ಕೇರಿದರೆ ಹತ್ತು ಕೆ.ಜಿ.ಯ ಆಸುಪಾಸು ಬೀಜ ಸಿಗುತ್ತಿತ್ತು. ಕೆ.ಜಿ.ಗೆ 30 ರೂಪಾಯಿ ಸಿಕ್ಕರೂ ಅದು 300 ರೂಪಾಯಿಯ ದಿನಗೂಲಿ. ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ಕೂಲಿ 2025–26ರಲ್ಲಿ 370 ರೂಪಾಯಿ ಇದ್ದುದರಿಂದ, ಗಟ್ಟಿಮುಟ್ಟಾಗಿರುವ ಯಾರೂ ಹೊಂಗೆ ಆಯಲು ಬರಲಿಲ್ಲ. ಬೇರೆಡೆ ದುಡಿಯಲಾಗದವರಿಗೆ, ತಮ್ಮ ಸಮಯಕ್ಕೆ ತಕ್ಕಂತೆ ನೆರಳಿನಲ್ಲಿ ಕುಳಿತು ಮಾಡಬಲ್ಲವರಿಗೆ ಇದು ಒಂದಿಷ್ಟು ಕೈಕಾಸು ಕೊಡುತ್ತದೆ. ಸಸ್ಯಜನ್ಯ ಇಂಧನದಿಂದ ಗ್ರಾಮೀಣ ಉದ್ಯೋಗ ಹೆಚ್ಚುತ್ತದೆ ಎಂದು ಬರೆಯುವವರು ಅದು ಯಾರ ಉದ್ಯೋಗ, ಎಷ್ಟು ಕೂಲಿಯದು ಎಂಬುದನ್ನೂ ಬರೆಯಬೇಕು ಎಂದು ನನಗೆ ಅನಿಸಿದ್ದು ಆಗ.

ಮರಗಳ ವಿಷಯದಲ್ಲಿಯೂ ಒಂದು ಮಾತು. ಬೀಜದಿಂದ ಬೆಳೆದ ಹೊಂಗೆಯಲ್ಲಿ ಒಂದು ಮರದ ಹಾಗೆ ಇನ್ನೊಂದಿಲ್ಲ. ನಮ್ಮ ಬದುವಿನಲ್ಲಿಯೇ ಒಂದು ಮರ ಕೊಂಬೆ ಬಾಗುವಷ್ಟು ಕಾಯಿ ಹಿಡಿದರೆ, ಅದರ ಪಕ್ಕದ್ದು, ಅದೇ ವಯಸ್ಸಿನದು, ಬರಿಯ ಎಲೆ ಹೊತ್ತು ನಿಂತಿರುತ್ತದೆ. ಚೆನ್ನಾಗಿ ಬಿಟ್ಟ ಮರ ಮುಂದಿನ ವರ್ಷ ಸುಮ್ಮನಿರುವುದೂ ಉಂಟು. ಎಣ್ಣೆಯ ಅಂಶ ಕೂಡ ಮರದಿಂದ ಮರಕ್ಕೆ ಬದಲಾಗುತ್ತದೆ. ಒಳ್ಳೆಯ ಮರದ ಕುಡಿಯಿಂದ ಕಸಿ ಮಾಡಿದ ಸಸಿಗಳಲ್ಲಿ ಈ ಏರುಪೇರು ಕಡಿಮೆ, ಆದರೆ ಹಿಂದಿನ ದಶಕಗಳಲ್ಲಿ ರಸ್ತೆಬದಿಯಲ್ಲೂ ಗೋಮಾಳದಲ್ಲೂ ನೆಟ್ಟ ಬಹುಪಾಲು ಸಸಿಗಳು ಬೀಜದವು. ಸಸಿಗಳ ಸಂಖ್ಯೆಯನ್ನು ಇಂಧನದ ಲೀಟರಿಗೆ ಗುಣಿಸುವ ಲೆಕ್ಕಗಳು ನೆಲದ ಮೇಲೆ ಸುಳ್ಳಾಗುವುದು ಇಲ್ಲಿಯೇ.

ಎಣ್ಣೆ ತೆಗೆಸುವುದು ಎಣಿಸಿದಷ್ಟು ಸುಲಭವಿರಲಿಲ್ಲ. ಕಡಲೆಕಾಯಿ, ಕೊಬ್ಬರಿ ಅರೆಯುವ ಗಾಣದವರು ಹೊಂಗೆಯನ್ನು ಒಳಗೆ ಬಿಡುವುದಿಲ್ಲ, ಬಿಡಲೂ ಬಾರದು. ಹೊಂಗೆಯಲ್ಲಿರುವ ಕರಂಜಿನ್ ಮತ್ತು ಪೊಂಗಮಾಲ್ ಎಂಬ ಕಹಿ ಅಂಶಗಳಿಂದ ಎಣ್ಣೆ ತಿನ್ನಲು ಬರುವುದಿಲ್ಲ, ಅದರ ಘಾಟು ಒಮ್ಮೆ ಯಂತ್ರಕ್ಕೆ ಹತ್ತಿದರೆ ಮುಂದಿನ ಹಲವು ಸರದಿಯ ಅಡುಗೆ ಎಣ್ಣೆ ಕೆಟ್ಟಂತೆಯೇ. ಬೇವು, ಹೊಂಗೆಗೆಂದೇ ಇರುವ ಎಕ್ಸ್‌ಪೆಲ್ಲರ್, ಅಂದರೆ ಎಣ್ಣೆ ಹಿಂಡುವ ಯಂತ್ರ, ಹುಡುಕಿಕೊಂಡು ಹೋಗಬೇಕಾಯಿತು. ಹೊಂಗೆ ಬೀಜದಲ್ಲಿ ಒಟ್ಟು ಎಣ್ಣೆ ಮೂರನೆಯ ಒಂದು ಭಾಗದವರೆಗೂ ಇರಬಹುದಾದರೂ ಎಕ್ಸ್‌ಪೆಲ್ಲರಿನಲ್ಲಿ ಕೈಗೆ ಬರುವುದು ಸುಮಾರು ಕಾಲು ಭಾಗ. ನಾಲ್ಕು ಕೆ.ಜಿ. ಬೀಜಕ್ಕೆ ಒಂದು ಲೀಟರ್ ಎಣ್ಣೆ, ಮೂರು ಕೆ.ಜಿ. ಹಿಂಡಿ ಎಂದು ಗಿರಣಿಯವರು ಬಾಯಲ್ಲಿ ಹೇಳುವ ಲೆಕ್ಕ ನಮ್ಮ ತೂಕಕ್ಕೂ ಸರಿಯಾಗಿ ಕೂಡಿತು. ಕೂಲಿಯ ಬದಲು ಹಿಂಡಿ ಬಿಟ್ಟುಹೋಗಿ ಎಂದು ಅವರು ಕೇಳಿದರು. ಹಿಂಡಿಯ ಬೆಲೆ ಬಲ್ಲವರು ಹಾಗೆ ಕೇಳುವುದು ಸಹಜ. ನಾನು ಕೂಲಿ ಕೊಟ್ಟು ಹಿಂಡಿ ತಂದೆ.

ಹಿಂಡಿದ ಎಣ್ಣೆಯನ್ನು ನೇರವಾಗಿ ಎಂಜಿನ್ನಿಗೆ ಏಕೆ ಸುರಿಯಬಾರದು ಎಂದು ಹಲವರು ಕೇಳಿದರು. ಸುರಿಯಬಹುದು, ಎಂಜಿನ್ ಓಡುತ್ತದೆ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ನೊಂದು ಕಡಲೆಕಾಯಿ ಎಣ್ಣೆಯಿಂದ ಓಡಿದ್ದನ್ನು ರುಡಾಲ್ಫ್ ಡೀಸೆಲ್ ಅವರೇ ದಾಖಲಿಸಿದ್ದಾರೆ. ಆದರೆ ಸಮಸ್ಯೆ ಇರುವುದು ಎಣ್ಣೆಯ ಸ್ನಿಗ್ಧತೆಯಲ್ಲಿ. ನಲವತ್ತು ಡಿಗ್ರಿ ಶಾಖದಲ್ಲಿ ಹೊಂಗೆ ಎಣ್ಣೆ ಡೀಸೆಲ್‌ಗಿಂತ ಹತ್ತು ಪಟ್ಟಿಗೂ ಹೆಚ್ಚು ಮಂದ. ಎಂಜಿನ್ನಿನೊಳಗೆ ಇಂಧನ ಚಿಮ್ಮಿಸುವ ನಳಿಕೆಯ ಸೂಕ್ಷ್ಮ ರಂಧ್ರದಿಂದ ಅದು ಹೊಗೆಯ ಹಾಗೆ ಸಿಂಪಡಣೆಯಾಗದೆ ದಪ್ಪ ಹನಿಗಳಾಗಿ ಬೀಳುತ್ತದೆ, ಅರೆಬೆಂದು ಇಂಗಾಲವಾಗಿ ಪಿಸ್ಟನ್ನಿನ ಉಂಗುರಕ್ಕೂ ನಳಿಕೆಯ ತುದಿಗೂ ಅಂಟುತ್ತದೆ. ನಿಧಾನವಾಗಿ ತಿರುಗುವ ಹಳೆಯ ಎಂಜಿನ್ನುಗಳು ಇದನ್ನು ಸ್ವಲ್ಪ ಕಾಲ ತಾಳಿಕೊಳ್ಳುತ್ತವೆ. ಎಂಜಿನ್ ಬಿಚ್ಚಿಸುವ ಖರ್ಚು ಬಲ್ಲವನಾದ ನನಗೆ ಆ ದಾರಿ ಬೇಡವಾಗಿತ್ತು.

ಹಾಗಾಗಿ ಎಣ್ಣೆಯನ್ನು ಬಯೋಡೀಸೆಲ್ ಆಗಿ ಪರಿವರ್ತಿಸಬೇಕು. ಎಣ್ಣೆಯ ದೊಡ್ಡ ಅಣುವಿನಲ್ಲಿ ಗ್ಲಿಸರಿನ್ ಎಂಬ ಬೆನ್ನೆಲುಬಿಗೆ ಮೂರು ಕೊಬ್ಬಿನಾಮ್ಲಗಳು ಜೋತುಬಿದ್ದಿರುತ್ತವೆ. ಮೆಥನಾಲ್ ಸೇರಿಸಿ, ಕ್ಷಾರದ ಸಮ್ಮುಖದಲ್ಲಿ ಅರುವತ್ತು ಡಿಗ್ರಿಯ ಹತ್ತಿರ ಕಾಯಿಸಿ ಕಲಕಿದರೆ ಗ್ಲಿಸರಿನ್ ಕಳಚಿಕೊಂಡು ಕೆಳಗಿಳಿಯುತ್ತದೆ, ಮೂರು ಸಣ್ಣ, ತೆಳು ಅಣುಗಳು ಮೇಲುಳಿಯುತ್ತವೆ. ಕಾಗದದ ಮೇಲೆ ಇದು ಇಷ್ಟೇ. ಆದರೆ ಮೆಥನಾಲ್ ಹೊಟ್ಟೆ ಸೇರಿದರೆ ಕಣ್ಣನ್ನೂ ಪ್ರಾಣವನ್ನೂ ತೆಗೆಯುವ ವಿಷ, ಆವಿಯಾಗಿ ಸುಲಭವಾಗಿ ಹೊತ್ತಿಕೊಳ್ಳುತ್ತದೆ, ಅದರ ಜ್ವಾಲೆ ಹಗಲು ಬೆಳಕಿನಲ್ಲಿ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಪರವಾನಗಿಯಿಲ್ಲದೆ ಅದನ್ನು ತಂದಿಟ್ಟುಕೊಳ್ಳುವಂತಿಲ್ಲ. ಇದನ್ನು ಕೊಟ್ಟಿಗೆಯಲ್ಲಿ ಮಾಡುವ ಕೆಲಸವೆಂದು ಯಾರಾದರೂ ಹೇಳಿದರೆ ನಂಬಬಾರದು. ಪರಿಚಯದ ಅಧ್ಯಾಪಕರೊಬ್ಬರ ನೆರವಿನಿಂದ, ಪರವಾನಗಿಯೂ ಸಣ್ಣ ರಿಯಾಕ್ಟರೂ ಇದ್ದ ಕಾಲೇಜು ಪ್ರಯೋಗಾಲಯವೊಂದರಲ್ಲಿ ನನ್ನ ಎಣ್ಣೆಗೆ ಅವಕಾಶ ಸಿಕ್ಕಿತು.

ಅಲ್ಲಿ ನಡೆದ ಮೊದಲ ಪರೀಕ್ಷೆ ನನ್ನ ಮನಸ್ಸಿನಲ್ಲಿ ಅಚ್ಚೊತ್ತಿದೆ. ಒಂದು ಮಿಲಿಲೀಟರ್ ಎಣ್ಣೆಯನ್ನು ಹತ್ತು ಮಿಲಿಲೀಟರ್ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಕರಗಿಸಿ, ಕ್ಷಾರ ಹೆಚ್ಚಾದಾಗ ಬಣ್ಣ ತೋರುವ ಫಿನಾಲ್ಫ್ತಲೀನ್ ಎರಡು ಹನಿ ಹಾಕಿ, ಬ್ಯುರೆಟ್ಟು ಎಂಬ ಅಳತೆ ಗುರುತಿನ ಗಾಜಿನ ಕೊಳವೆಯಿಂದ ತೆಳು ಕಾಸ್ಟಿಕ್ ಸೋಡಾ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತಾ ಹೋಗಬೇಕು. ಪ್ರತಿ ಹನಿಗೂ ನಸುಗೆಂಪು ಬಣ್ಣ ಮೂಡಿ, ಅಲುಗಿಸಿದೊಡನೆ ಮಾಯವಾಗುತ್ತದೆ. ಅಲುಗಿಸಿದ ಮೇಲೂ ಬಣ್ಣ ಅರ್ಧ ನಿಮಿಷ ನಿಂತರೆ ಎಣ್ಣೆಯೊಳಗಿನ ಬಿಡಿ ಆಮ್ಲವೆಲ್ಲ ತೀರಿತೆಂದು ಅರ್ಥ. ತಾಜಾ ಅಡುಗೆ ಎಣ್ಣೆಯಲ್ಲಿ ಅರ್ಧ ಮಿಲಿಲೀಟರಿಗೂ ಮೊದಲೇ ನಿಲ್ಲುವ ಬಣ್ಣ, ನಮ್ಮ ಹೊಂಗೆ ಎಣ್ಣೆಯಲ್ಲಿ ಎಷ್ಟು ಬಿಟ್ಟರೂ ನಿಲ್ಲಲೊಲ್ಲದು. ಬೀಜ ತಿಂಗಳುಗಟ್ಟಲೆ ಮರದಡಿಯಲ್ಲಿ, ನಂತರ ಗೋಣಿಯಲ್ಲಿ ಇದ್ದಷ್ಟೂ ಬಿಡಿ ಆಮ್ಲ ಹೆಚ್ಚುತ್ತದೆ. ಇದು ಶೇಕಡಾ ಎರಡಕ್ಕಿಂತ ಹೆಚ್ಚಿರುವಾಗ ನೇರವಾಗಿ ಕ್ಷಾರ ಹಾಕಿದರೆ ಬಯೋಡೀಸೆಲ್ ಬದಲು ಸೋಪು ಸಿದ್ಧವಾಗುತ್ತದೆ. ಹೀಗಾಗಿ ನಮ್ಮ ಎಣ್ಣೆಗೆ ಎರಡು ಹಂತದ ದಾರಿ ಹಿಡಿಯಬೇಕಾಯಿತು: ಮೊದಲು ಸಲ್ಫ್ಯೂರಿಕ್ ಆಮ್ಲದೊಂದಿಗೆ ಮೆಥನಾಲ್ ಸೇರಿಸಿ ಬಿಡಿ ಆಮ್ಲವನ್ನು ಪಳಗಿಸುವುದು, ಆಮೇಲೆ ಮತ್ತೊಮ್ಮೆ ಮೆಥನಾಲ್ ಮತ್ತು ಕ್ಷಾರ. ಸಮಯ, ಮೆಥನಾಲ್, ಶಾಖ ಎಲ್ಲವೂ ಹೆಚ್ಚು. ಹೊಂಗೆ ಬಯೋಡೀಸೆಲ್ಲಿನ ಖರ್ಚನ್ನು ಏರಿಸುವ ಇಳಿಸುವ ಗುಟ್ಟು ಬೀಜವನ್ನು ಎಷ್ಟು ಬೇಗ ಒಣಗಿಸಿ ಎಣ್ಣೆ ತೆಗೆಸಿದಿರಿ ಎಂಬುದರಲ್ಲಿದೆ ಎಂದು ಆ ಬ್ಯುರೆಟ್ಟು ಯಾವ ಭಾಷಣಕ್ಕಿಂತಲೂ ಚೆನ್ನಾಗಿ ಹೇಳಿತು.

ರಾತ್ರಿಯಿಡೀ ತಂಗಲು ಬಿಟ್ಟಾಗ ಕೆಳಗೆ ಕಪ್ಪು ಕಂದು ಬಣ್ಣದ ಗ್ಲಿಸರಿನ್, ಮೇಲೆ ಕೆಂಪು ಮಿಶ್ರಿತ ಹಳದಿಯ ದ್ರವ, ಎರಡರ ನಡುವೆ ಚಾಕುವಿನಿಂದ ಗೆರೆ ಎಳೆದಷ್ಟು ಸ್ಪಷ್ಟವಾದ ಅಂಚು ಇತ್ತು. ಗ್ಲಿಸರಿನ್ ತೆಗೆದು, ಉಳಿದುದನ್ನು ಬೆಚ್ಚನೆಯ ನೀರಿನಲ್ಲಿ ತೊಳೆಯಬೇಕು. ಮೊದಲ ತೊಳೆತದ ನೀರು ಮಜ್ಜಿಗೆಯಂತಿತ್ತು, ನಂತರದವು ತಿಳಿಯಾಗುತ್ತಾ ಬಂದವು. ಆ ತೊಳೆದ ನೀರನ್ನು ಏನು ಮಾಡುವುದು ಎಂಬ ಪ್ರಶ್ನೆ ಇಂಥ ಇಂಧನದ ಹೊಗಳಿಕೆಗಳಲ್ಲಿ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಸೋಪು, ಕ್ಷಾರ, ಉಳಿಕೆ ಮೆಥನಾಲ್ ಎಲ್ಲವೂ ಅದರಲ್ಲಿರುತ್ತವೆ, ಹಾಗೆಯೇ ಚರಂಡಿಗೆ ಬಿಡುವಂತಿಲ್ಲ. ಕೊನೆಯಲ್ಲಿ ಕಾಯಿಸಿ ತೇವ ಆರಿಸಿ, ಮೂರು ಮಿಲಿಲೀಟರನ್ನು ಇಪ್ಪತ್ತೇಳು ಮಿಲಿಲೀಟರ್ ಮೆಥನಾಲಿನಲ್ಲಿ ಹಾಕಿ ನೋಡಿದರು. ಬದಲಾಗದ ಎಣ್ಣೆ ಉಳಿದಿದ್ದರೆ ಹನಿಯಾಗಿ ತಳ ಸೇರುತ್ತದೆ. ತಳ ಸ್ವಚ್ಛವಾಗಿತ್ತು. ನೂರು ಲೀಟರ್ ಎಣ್ಣೆಗೆ ಸುಮಾರು ತೊಂಬತ್ತು ಲೀಟರ್ ಬಯೋಡೀಸೆಲ್ ಎಂಬ ಪ್ರಮಾಣದಲ್ಲಿ ನಮಗೆ ಇಂಧನ ದಕ್ಕಿತು.

ಎಂಜಿನ್ನಿನ ವಿಷಯದಲ್ಲಿ ನನಗೆ ದೂರುಗಳು ಕಡಿಮೆ. ಮೊದಲು ಡೀಸೆಲ್ಲಿನೊಂದಿಗೆ ಐದನೆಯ ಒಂದು ಪಾಲು ಬೆರೆಸಿ, ನಂತರ ಅರ್ಧಕ್ಕರ್ಧ, ಕೊನೆಗೆ ಪೂರ್ತಿ ಹೊಂಗೆಯದನ್ನೇ ಹಾಕಿ ಓಡಿಸಿದೆ. ಹ್ಯಾಂಡಲ್ ತಿರುವಿದಾಗ ಏಳುತ್ತಿದ್ದ ಕಪ್ಪು ಹೊಗೆ ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಬಯೋಡೀಸೆಲ್ಲಿನ ಅಣುವಿನಲ್ಲಿಯೇ ಆಮ್ಲಜನಕ ಇರುವುದರಿಂದ ಉರಿಯುವಿಕೆ ಹೆಚ್ಚು ಪೂರ್ಣಗೊಂಡು ಮಸಿ, ಕಾರ್ಬನ್ ಮಾನಾಕ್ಸೈಡ್ ತಗ್ಗುತ್ತವೆ. ಗಂಧಕ ಇಲ್ಲವೆನ್ನುವಷ್ಟು ಕಡಿಮೆ. ಆದರೆ ನೈಟ್ರೋಜನ್ ಆಕ್ಸೈಡುಗಳು ಸಾಮಾನ್ಯವಾಗಿ ಸ್ವಲ್ಪ ಏರುತ್ತವೆ, ಮೂಗಿಗಾಗಲಿ ಕಣ್ಣಿಗಾಗಲಿ ಅದು ಗೊತ್ತಾಗುವುದಿಲ್ಲ ಎಂಬುದರಿಂದ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸುಲಭವಾಗಿ ಬೆಂಕಿ ಹತ್ತದ ಗುಣ ಇನ್ನೊಂದು ಅನುಕೂಲ. ಕ್ಯಾನನ್ನು ಕೊಟ್ಟಿಗೆಯಲ್ಲಿ ಇಡುವಾಗ ಡೀಸೆಲ್ಲಿಗಿದ್ದಷ್ಟು ಅಳುಕು ಇರಲಿಲ್ಲ. ಹೊಗೆಯ ವಾಸನೆ ಮಾತ್ರ ಎಣ್ಣೆ ಕಾಯಿಸಿದ ಘಾಟು, ಮೊದಮೊದಲು ನೀರು ಕಟ್ಟಲು ಬಂದ ಹುಡುಗ ಗಾಳಿಯ ಎದುರು ದಿಕ್ಕಿಗೆ ಸರಿದು ನಿಲ್ಲುತ್ತಿದ್ದ.

ಕೊರತೆಗಳೂ ಬೇಗನೆ ಕಾಣಿಸಿಕೊಂಡವು. ಬಯೋಡೀಸೆಲ್ ಒಳ್ಳೆಯ ದ್ರಾವಕ. ವರ್ಷಗಳಿಂದ ಟ್ಯಾಂಕಿನ ತಳದಲ್ಲಿ ಕೂತಿದ್ದ ಕಿಟ್ಟವನ್ನೆಲ್ಲ ಎಬ್ಬಿಸಿ ತಂದು ಫಿಲ್ಟರಿಗೆ ತುಂಬಿತು. ಪ್ರಯೋಗಾಲಯದವರು ಮುಂಚೆಯೇ ಎಚ್ಚರಿಸಿದ್ದರಿಂದ ಹೊಸ ಫಿಲ್ಟರ್ ಜೇಬಿನಲ್ಲೇ ಇತ್ತು. ಹಳೆಯ ರಬ್ಬರ್ ಕೊಳವೆ ಊದಿಕೊಂಡು ಮೆತ್ತಗಾಯಿತು, ಅದನ್ನೂ ಬದಲಾಯಿಸಿದೆ. ಒಂದು ಲೀಟರಿನಲ್ಲಿರುವ ಶಕ್ತಿ ಡೀಸೆಲ್ಲಿಗಿಂತ ಶೇಕಡಾ ಎಂಟರಷ್ಟು ಕಡಿಮೆಯಾದ್ದರಿಂದ ಅದೇ ತೆಂಗಿನ ಸಾಲಿಗೆ ನೀರು ಮುಟ್ಟಿಸಲು ಇಂಧನ ಸ್ವಲ್ಪ ಹೆಚ್ಚು ಬೇಕು. ಮಾಗಿಯ ಮುಂಜಾನೆಗಳಲ್ಲಿ ಕ್ಯಾನಿನೊಳಗಿನ ದ್ರವ ಮಬ್ಬಾಗಿ, ಬಿಸಿಲು ಬೀಳುವವರೆಗೆ ಎಂಜಿನ್ ಮೊಂಡು ಹಿಡಿಯುತ್ತಿತ್ತು. ಇದೆಲ್ಲಕ್ಕಿಂತ ಮುಖ್ಯವಾದುದು ಶೇಖರಣೆ. ಗಾಳಿಯ ಆಮ್ಲಜನಕ ತಾಗಿದರೆ ಹೊಂಗೆ ಬಯೋಡೀಸೆಲ್ ತಿಂಗಳುಗಳಲ್ಲಿ ಹಳಸುತ್ತದೆ, ಆಮ್ಲವೂ ಅಂಟೂ ಹೆಚ್ಚುತ್ತವೆ. ಬೇಸಿಗೆಯಲ್ಲಿ ಬೀಜ, ಹಿಂಗಾರು ಕೈಕೊಟ್ಟಾಗ ನೀರಿನ ಅಗತ್ಯ; ನಡುವಿನ ಅರ್ಧ ವರ್ಷ ಇಂಧನವನ್ನು ಕಾಯ್ದಿಡಬೇಕು. ಹೀಗಾಗಿ ಎಣ್ಣೆಯನ್ನು ಒಮ್ಮೆಗೇ ಪರಿವರ್ತಿಸದೆ, ಗಾಳಿಯಾಡದ ಡ್ರಮ್ಮಿನಲ್ಲಿಟ್ಟು ಬೇಕಾದಾಗ ಮಾಡಿಸಿಕೊಳ್ಳುವುದೇ ಸರಿಯೆಂದು ಕಂಡಿತು.

ಇನ್ನು ದುಡ್ಡಿನ ಲೆಕ್ಕ. ಬೀಜ ಕೆ.ಜಿ.ಗೆ 30 ರೂಪಾಯಿ ಎಂದು ಹಿಡಿದರೆ ಒಂದು ಲೀಟರ್ ಎಣ್ಣೆಗೆ ಬೀಜದ ಬಾಬ್ತು 120. ಗಿರಣಿಯ ಕೂಲಿ, ಮೆಥನಾಲ್, ರಾಸಾಯನಿಕ, ಶಾಖ ಸೇರಿ ಇನ್ನೊಂದು ನಲವತ್ತು. ಒಟ್ಟು 160 ರೂಪಾಯಿಗೆ ಕೈಗೆ ಬರುವುದು ಲೀಟರಿಗೂ ಕಡಿಮೆ ಇಂಧನ. ಬಂಕಿನ ಡೀಸೆಲ್ 2025ರಲ್ಲಿ ತೊಂಬತ್ತು ರೂಪಾಯಿಯ ಆಸುಪಾಸಿನಲ್ಲಿತ್ತು, ಆ ಲೆಕ್ಕಕ್ಕೆ ಇಲ್ಲಿಗೇ ಪುಸ್ತಕ ಮುಚ್ಚಬೇಕು. ಆದರೆ ಮೂರು ಕೆ.ಜಿ. ಹಿಂಡಿ ಇದೆಯಲ್ಲ, ಅದನ್ನು ಕೆ.ಜಿ.ಗೆ ಇಪ್ಪತ್ತರಂತೆ ಕಳೆದರೆ ಖರ್ಚು ನೂರಕ್ಕೆ ಇಳಿಯುತ್ತದೆ. ಆಗಲೂ ಡೀಸೆಲ್ಲಿಗಿಂತ ತುಸು ದುಬಾರಿಯೇ. ಬೀಜ ನಮ್ಮದೇ ಬದುವಿನದು, ಆಯುವವರು ಮನೆಯವರೇ, ಬೇಸಿಗೆಯ ಬಿಡುವಿನ ಹೊತ್ತಿಗೆ ಬೆಲೆ ಕಟ್ಟುವುದಿಲ್ಲ ಎಂದಾದರೆ ಮಾತ್ರ ಲೆಕ್ಕ ಲಾಭದ ಕಡೆ ವಾಲುತ್ತದೆ. ಹೊಂಗೆ ಇಂಧನದ ಅಳಿವು ಉಳಿವು ನಿಂತಿರುವುದು ಹಿಂಡಿಯ ಮೇಲೆ ಎಂದು ನಾನು ಈಗ ಖಚಿತವಾಗಿ ಹೇಳಬಲ್ಲೆ, ಎಣ್ಣೆಯನ್ನು ಅದರ ಉಪ ಉತ್ಪನ್ನವೆಂದು ಕರೆದರೂ ತಪ್ಪಿಲ್ಲ.

ಆ ಹಿಂಡಿ ನಮ್ಮ ತೆಂಗಿನ ಪಾತಿಗೆ ಹೋಯಿತು. ಅದರಲ್ಲಿ ಸಾರಜನಕ ಶೇಕಡಾ ನಾಲ್ಕರಷ್ಟಿರುತ್ತದೆ, ನಿಧಾನವಾಗಿ ಬಿಡುಗಡೆಯಾಗುತ್ತದೆ, ಅದರ ಕಹಿಗೆ ಗೆದ್ದಲೂ ಬೇರಿನ ಜಂತುಹುಳುವೂ ಹಿಂಜರಿಯುತ್ತವೆ. ಮರ ಸ್ವತಃ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿಯುವ ಜಾತಿಯದು. ಯುಗಾದಿಯ ಹೊತ್ತಿಗೆ ಚಿಗುರು, ಬೆನ್ನಿಗೆ ಹೂ, ಹೂವಿಗೆ ಜೇನು. ಮಳೆಯಾಶ್ರಯದಲ್ಲೇ, ಬೆಳೆಯ ನೆಲವನ್ನು ಕಿತ್ತುಕೊಳ್ಳದೆ ಬದುವಿನಲ್ಲಿ ನಿಲ್ಲುತ್ತದೆ. ಇಷ್ಟೆಲ್ಲ ಲಾಭಗಳನ್ನು ಲೀಟರಿನ ಲೆಕ್ಕದಲ್ಲಿ ತರಲಾಗುವುದಿಲ್ಲ, ಆದರೆ ನಿಜವಾದ ಲಾಭಗಳು ಇವೇ.

ಹವಾಮಾನದ ಲಾಭವನ್ನು ಸ್ವಲ್ಪ ಎಚ್ಚರದಿಂದ ಹೇಳಬೇಕು. ಮರ ಗಾಳಿಯಿಂದ ಹೀರಿದ ಇಂಗಾಲವೇ ಹೊಗೆಯಾಗಿ ಮರಳುತ್ತದೆ ಎಂಬ ವಾದ ಬಹುಮಟ್ಟಿಗೆ ಸರಿ. ಆದರೆ ನಾವು ಬೆರೆಸುವ ಮೆಥನಾಲ್ ಗಿಡದಿಂದ ಬಂದದ್ದಲ್ಲ, ಹೆಚ್ಚಿನ ಪಾಲು ನೈಸರ್ಗಿಕ ಅನಿಲದಿಂದ ತಯಾರಾಗಿ ಹೊರದೇಶದಿಂದ ಬರುತ್ತದೆ. ನೂರು ಕೆ.ಜಿ. ಎಣ್ಣೆಯ ಪರಿವರ್ತನೆಗೆ ಹತ್ತು ಹನ್ನೊಂದು ಕೆ.ಜಿ. ಮೆಥನಾಲ್ ಕರಗಿಹೋಗುತ್ತದೆ. ಆಮದು ತೈಲದಿಂದ ಬಿಡುಗಡೆ ಎಂದುಕೊಂಡು ಹೊರಟವನು ಆಮದು ರಾಸಾಯನಿಕದ ಕ್ಯಾನಿನ ಎದುರು ನಿಲ್ಲಬೇಕಾಗುತ್ತದೆ.

ಇದನ್ನು ದೇಶದ ಮಟ್ಟಕ್ಕೆ ಹಿಗ್ಗಿಸಿದರೆ ಏನಾಗುತ್ತದೆಂದು ಒಂದು ಸಂಜೆ ಕಾಗದದ ಮೇಲೆ ಹಾಕಿ ನೋಡಿದೆ. ಭಾರತ ವರ್ಷಕ್ಕೆ ಸುಡುವ ಡೀಸೆಲ್ ಸುಮಾರು 9 ಕೋಟಿ ಟನ್. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ 2030ಕ್ಕೆ ಇಟ್ಟುಕೊಂಡ ಗುರಿ ಶೇಕಡಾ 5ರಷ್ಟು ಬಯೋಡೀಸೆಲ್, ಅಂದರೆ ಹತ್ತಿರ ಹತ್ತಿರ 45 ಲಕ್ಷ ಟನ್. ಅಷ್ಟನ್ನೂ ಹೊಂಗೆಯಿಂದಲೇ ತೆಗೆಯುವುದಾದರೆ 1.8 ಕೋಟಿ ಟನ್ ಬೀಜ ಬೇಕು. ಮರಕ್ಕೆ ಹತ್ತು ಕೆ.ಜಿ. ಎಂದು ಉದಾರವಾಗಿ ಹಿಡಿದರೂ ಫಲ ಕೊಡುವ 180 ಕೋಟಿ ಮರಗಳು, ಅವುಗಳ ಕಾಯಿಯನ್ನು ಒಂದೊಂದಾಗಿ ಒಡೆಯುವ ಕೈಗಳು. ಶೇಕಡಾ ಒಂದರಷ್ಟು ಬೆರಕೆಯನ್ನೂ ದೇಶ ಮುಟ್ಟದಿರುವುದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. 2003ರಲ್ಲಿ ಯೋಜನಾ ಆಯೋಗದ ಸಮಿತಿಯೊಂದು ಕಾಡುಹರಳನ್ನು, ಅಂದರೆ ಜಟ್ರೋಫಾವನ್ನು, ಲಕ್ಷಾಂತರ ಹೆಕ್ಟೇರಿನಲ್ಲಿ ಬೆಳೆಸಿ ಡೀಸೆಲ್ಲಿನ ಐದನೆಯ ಒಂದು ಪಾಲನ್ನು ತುಂಬುವ ಕನಸು ಕಂಡಿತ್ತು. ಪಾಳು ನೆಲದಲ್ಲಿ ಗಿಡ ಬದುಕಿತು, ಕಾಯಿ ಬಿಡಲಿಲ್ಲ. ಕಾಯಿ ಬಿಡಬೇಕಾದರೆ ನೀರೂ ಗೊಬ್ಬರವೂ ಬೇಕಾದವು. ನೀರು ಗೊಬ್ಬರ ಕೊಡುವ ರೈತ ಜಟ್ರೋಫಾವನ್ನೇಕೆ ಬೆಳೆದಾನು?

ಗುರಿ ಮುಟ್ಟಿದ್ದು ಕಬ್ಬು, ಧಾನ್ಯಗಳಿಂದ ತೆಗೆದು ಪೆಟ್ರೋಲಿಗೆ ಬೆರೆಸುವ ಎಥನಾಲ್. 2014ರ ಸುಮಾರಿಗೆ ಶೇಕಡಾ ಒಂದೂವರೆಯಷ್ಟಿದ್ದ ಬೆರಕೆ 2025ರಲ್ಲಿ ಇಪ್ಪತ್ತಕ್ಕೆ ಏರಿತು, ನನ್ನ ಸ್ಕೂಟರಿಗೂ ಈಗ ಅದೇ. ಕಬ್ಬಿನ ಬಾಕಿ ಹಣ ಬೇಗ ಕೈಸೇರಲು ಅದು ನೆರವಾಗಿದೆ, ವಿದೇಶಿ ವಿನಿಮಯ ಉಳಿಸಿದೆ, ಇವನ್ನು ಅಲ್ಲಗಳೆಯಲಾಗದು. ಆದರೆ ಎಥನಾಲಿನ ಶಕ್ತಿ ಲೀಟರಿಗೆ ಪೆಟ್ರೋಲಿಗಿಂತ ಮೂರನೆಯ ಒಂದು ಭಾಗ ಕಡಿಮೆ. ಹಳೆಯ ವಿನ್ಯಾಸದ ಕಾರುಗಳ ಮೈಲೇಜು ಶೇಕಡಾ 6–7ರಷ್ಟು, ದ್ವಿಚಕ್ರ ವಾಹನಗಳದು 3–4ರಷ್ಟು ಇಳಿಯಬಹುದೆಂದು 2021ರ ನೀತಿ ಆಯೋಗದ ವರದಿಯೇ ಅಂದಾಜಿಸಿತ್ತು. ಅದೇ ವರದಿ ಕಬ್ಬಿನ ಮೂಲದ ಒಂದು ಲೀಟರ್ ಎಥನಾಲಿನ ಹಿಂದೆ ಸುಮಾರು 2,860 ಲೀಟರ್ ನೀರಿದೆ ಎನ್ನುತ್ತದೆ. ಕಾವೇರಿಯ ನೀರಿಗಾಗಿ ಬೀದಿಗಿಳಿಯುವ ಮಂಡ್ಯದವರಿಗೆ ಈ ಅಂಕಿಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. 2023ರ ಮಳೆ ಕೈಕೊಟ್ಟು ಸಕ್ಕರೆ ಇಳುವರಿಯ ಆತಂಕ ಎದುರಾದಾಗ, ಆ ಡಿಸೆಂಬರಿನಲ್ಲಿ ಕಬ್ಬಿನ ಹಾಲಿನಿಂದ ನೇರವಾಗಿ ಎಥನಾಲ್ ತಯಾರಿಸುವುದಕ್ಕೆ ಕೇಂದ್ರ ಸರ್ಕಾರ ಕಡಿವಾಣ ಹಾಕಬೇಕಾಯಿತು. ಕಬ್ಬು ತಗ್ಗಿದ ಜಾಗಕ್ಕೆ ಮೆಕ್ಕೆಜೋಳ ಬಂತು. ಅದನ್ನು ರಫ್ತು ಮಾಡುತ್ತಿದ್ದ ದೇಶ ಆಮದಿಗೆ ಇಳಿಯಿತು, ಕೋಳಿ ಸಾಕಣೆದಾರರು ಆಹಾರದ ಬೆಲೆ ಏರಿತೆಂದು ಗೋಳಿಟ್ಟರು. ಬದುವಿನ ಹೊಂಗೆ ಯಾರ ಊಟವನ್ನೂ ಕಿತ್ತುಕೊಳ್ಳುವುದಿಲ್ಲ, ಆದರೆ ಬೀಜ ಸಾಲದು. ಹೊಲದ ಕಬ್ಬು, ಮೆಕ್ಕೆಜೋಳದಲ್ಲಿ ಪ್ರಮಾಣಕ್ಕೆ ಕೊರತೆಯಿಲ್ಲ, ಆದರೆ ಅವು ನೀರನ್ನೂ ನೆಲವನ್ನೂ ಬೇಡುತ್ತವೆ. ಇವೆರಡನ್ನೂ ‘ಸಸ್ಯಜನ್ಯ ಇಂಧನ’ ಎಂಬ ಒಂದೇ ಹೆಸರಿನಡಿ ಇಟ್ಟು ಒಟ್ಟಿಗೆ ಹೊಗಳುವುದೂ ತೆಗಳುವುದೂ ನನಗೆ ಒಪ್ಪಿಗೆಯಾಗುವುದಿಲ್ಲ.

ನಮ್ಮ ಮಟ್ಟಿಗೆ ನಾನು ಮಾಡಿಕೊಂಡ ಏರ್ಪಾಡು ಇಷ್ಟು. ಪೂರ್ತಿ ಹೊಂಗೆಯ ಇಂಧನದಲ್ಲಿ ಎಂಜಿನ್ ಓಡಿಸುವುದನ್ನು ಬಿಟ್ಟಿದ್ದೇನೆ, ಡೀಸೆಲ್ಲಿನಲ್ಲಿ ಐದನೆಯ ಒಂದು ಪಾಲು ಬೆರೆಸುತ್ತೇನೆ. ಆ ಪ್ರಮಾಣದಲ್ಲಿ ಹೊಗೆಯೂ ತಗ್ಗುತ್ತದೆ, ಚಳಿಯ ಕಾಟವೂ ಇಲ್ಲ, ಪರಿವರ್ತಿಸಬೇಕಾದ ಎಣ್ಣೆಯೂ ಕಡಿಮೆ. ಉಳಿದ ಎಣ್ಣೆಯನ್ನು ಬೆಳೆಗೆ ಸಿಂಪಡಿಸಲು ಕೊಳ್ಳುವವರಿಗೆ ಮಾರುತ್ತೇನೆ, ಅದಕ್ಕೆ ಡೀಸೆಲ್ಲಿನ ಬೆಲೆಗಿಂತ ಮೇಲಾಗಿಯೇ ಸಿಗುತ್ತದೆ. ಹಿಂಡಿಯನ್ನು ಮಾತ್ರ ಯಾರಿಗೂ ಕೊಡುವುದಿಲ್ಲ. ಕಾಯಿಯನ್ನು ಬಿದ್ದ ವಾರದೊಳಗೆ ಆಯಿಸಿ ಒಣಗಿಸುವುದರಿಂದ ಬ್ಯುರೆಟ್ಟಿನ ಬಣ್ಣ ಈಗ ಮುಂಚಿಗಿಂತ ಬೇಗ ನಿಲ್ಲುತ್ತದೆ. ಊರಿನ ಹಾಲಿನ ಸಂಘದ ಕಟ್ಟೆಯಲ್ಲಿ ಬೀಜವನ್ನೂ ತೂಗಿಸಿ ಕೊಳ್ಳುವ ಹಾಗಾದರೆ ಒಂದು ಸಿಪ್ಪೆ ಬಿಡಿಸುವ ಯಂತ್ರವನ್ನು ನಾಲ್ಕಾರು ಮನೆಯವರು ಕೂಡಿ ತರಬಹುದೆಂಬ ಮಾತು ನಡೆದಿದೆ. ಅಜ್ಜಿಯರ ದಿನಗೂಲಿ ಉದ್ಯೋಗ ಖಾತ್ರಿಯ ಆ 370ಕ್ಕೆ ಮುಟ್ಟಬೇಕಾದರೆ ಆ ಯಂತ್ರ ಬಂದೇ ತೀರಬೇಕು.